ರೆಪ್ಲಿಕಾ ಸ್ಪೋರ್ಟ್ಸ್ ಕಾರಿನ ಫೋಟೊ ತೆಗೆಯುವುದು ಹೇಗೆ: ಕ್ಲಾಸಿಕ್ ಕಾರ್ ಷೋಗೆ ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ಲಾಸಿಕ್ ಕಾರ್ ಷೋಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ದೃಶ್ಯ ಒಂದಿದೆ. ಸಾಲಿನ ಮಧ್ಯೆ ಬೆಳ್ಳಿ ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರು ನಿಂತಿರುತ್ತದೆ. ಎತ್ತರ ನೋಡಿದರೆ ನಮ್ಮ ಸೊಂಟಕ್ಕೆ ಬಂದರೆ ಹೆಚ್ಚು. ಯಾರೋ ಓಡಿ ಬಂದು ಕ್ಯಾಮೆರಾ ಎತ್ತುತ್ತಾರೆ. ಅಷ್ಟರಲ್ಲಿ ಪಕ್ಕದವರು, "ಒರಿಜಿನಲ್ ಅಲ್ಲ ಅದು, ರೆಪ್ಲಿಕಾ" ಅನ್ನುತ್ತಾರೆ. ಎತ್ತಿದ ಕ್ಯಾಮೆರಾ ಹಾಗೇ ಕೆಳಗಿಳಿಯುತ್ತದೆ.

ನನಗೆ ಆಗೆಲ್ಲ ತುಂಬಾ ಬೇಜಾರಾಗುತ್ತದೆ. ರೆಪ್ಲಿಕಾದಲ್ಲಿ ಫೋಟೊ ತೆಗೆಯೋಕೆ ಎರಡು ವಿಷಯ ಸಿಗುತ್ತವೆ. ಒಂದು, ಎಪ್ಪತ್ತು ವರ್ಷ ಹಿಂದೆ ಯಾರೋ ರೂಪಿಸಿದ ಆ ಸೊಗಸಾದ ಮೈಕಟ್ಟು. ಇನ್ನೊಂದು, ಅದೇ ಮೈಕಟ್ಟನ್ನು ನಮ್ಮ ಕಾಲದಲ್ಲಿ ಕೈಯಾರೆ ಕಟ್ಟಿದವರ ಕೆಲಸ. ಮೊದಲನೆಯದನ್ನು ಎಲ್ಲರೂ ತೆಗೆಯುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಒಂದೇ ಕಾರಿನ ಹದಿನೈದು ಫೋಟೊಗಳಲ್ಲಿ ಈ ಎರಡೂ ಬರಬೇಕು ಅನ್ನೋದು ನನ್ನ ಹಟ. ಅದನ್ನು ಹೇಗೆ ಮಾಡೋದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗೆ ಜಾಸ್ತಿ ಸಲ ಪೋರ್ಷೆ 550 ಸ್ಪೈಡರ್ ರೆಪ್ಲಿಕಾವನ್ನೇ ತೆಗೆದುಕೊಳ್ಳುತ್ತೇನೆ. ನನಗೆ ಅದು ಬಹಳ ಇಷ್ಟ, ಫೋಟೊ ತೆಗೆಯೋಕೆ ಬಹಳ ಕಷ್ಟದ ಕಾರೂ ಹೌದು.

ಹೆಜ್ಜೆ 1: ಕಾರಿನ ಕಥೆ ತಿಳಿದುಕೊಂಡು ಹೋಗಿ

ಅಸಲಿ 550 ಸ್ಪೈಡರ್ ತಯಾರಾದದ್ದು 1953ರಿಂದ 1956ರವರೆಗೆ, ಸುಮಾರು 90 ಕಾರು ಮಾತ್ರ. ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ಮೈ, ಚಾಲಕನ ಬೆನ್ನ ಹಿಂದೆ ಪೋರ್ಷೆ ಎಂಜಿನಿಯರ್ ಅರ್ನ್‌ಸ್ಟ್ ಫುಹ್ರ್‌ಮನ್ ವಿನ್ಯಾಸ ಮಾಡಿದ ಒಂದೂವರೆ ಲೀಟರಿನ ಎಂಜಿನ್. ತೂಕ ಸುಮಾರು 550 ಕಿಲೊ ಅಷ್ಟೇ. ನಟ ಜೇಮ್ಸ್ ಡೀನ್ 1955ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ಓಡಿಸುತ್ತಿದ್ದದ್ದು ಇದೇ ಕಾರನ್ನು. ಉಳಿದಿರುವ ಅಸಲಿಗಳ ಬೆಲೆ ಸಾಮಾನ್ಯರ ಕೈಗೆ ಎಟಕುವುದಿಲ್ಲ. ಹಾಗಾಗಿ ಷೋಗಳಲ್ಲಿ ಕಾಣುವ ಸ್ಪೈಡರ್‌ಗಳಲ್ಲಿ ಹೆಚ್ಚಿನವು ಫೈಬರ್‌ಗ್ಲಾಸ್ ಮೈಯ ರೆಪ್ಲಿಕಾಗಳು. ಬಹಳಷ್ಟರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿಯಿಂದ ತಣಿಯುವ ಎಂಜಿನ್ ಇರುತ್ತದೆ.

ಕೋಬ್ರಾ ಅನ್ನೋ ಸ್ಪೋರ್ಟ್ಸ್ ಕಾರಿನ ಕಥೆಯೂ ಹೀಗೇ. 1962ರಲ್ಲಿ ಅಮೆರಿಕದ ಕಾರು ರೇಸರ್ ಕ್ಯಾರೊಲ್ ಶೆಲ್ಬಿ, ಬ್ರಿಟನ್ನಿನ ಎಸಿ ಏಸ್ ಕಾರಿನೊಳಗೆ ಫೋರ್ಡ್ ವಿ8 ಎಂಜಿನ್ ಕೂರಿಸಿ ಶುರು ಮಾಡಿದ್ದು. ಆಗ ಆದದ್ದು ಸುಮಾರು ಸಾವಿರ ಕಾರು. ಪೋರ್ಷೆ 356 ಸ್ಪೀಡ್‌ಸ್ಟರ್ ರೆಪ್ಲಿಕಾಗಳಲ್ಲಿ ಬಹಳಷ್ಟು, ಬೀಟಲ್‌ನ ತಳವನ್ನು ಕತ್ತರಿಸಿ ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದವು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಮೂಲ ಕಂಪನಿಯೇ, ಅಥವಾ ಅದರ ಹಕ್ಕು ಕೊಂಡವರು ಮತ್ತೆ ಮಾಡಿದರೆ ಅದನ್ನು ಕಂಟಿನ್ಯುಯೇಷನ್ ಅನ್ನುತ್ತಾರೆ. 1957ರಲ್ಲಿ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿದ್ದು 9 ಎಕ್ಸ್‌ಕೆಎಸ್‌ಎಸ್ ಕಾರುಗಳು ಸುಟ್ಟುಹೋದವು. ಸುಮಾರು ಆರು ದಶಕದ ಮೇಲೆ ಆ ಕಂಪನಿಯೇ ಅವುಗಳ ಬದಲಿಗೆ 9 ಕಾರು ಕಟ್ಟಿತು. ಅದನ್ನು ರೆಪ್ಲಿಕಾ ಅಂದರೆ ತಪ್ಪಾಗುತ್ತದೆ. ಲೋಟಸ್ ಸೆವೆನ್‌ನ ಹಕ್ಕನ್ನು ಕೇಟರ್‌ಹ್ಯಾಮ್ 1973ರಲ್ಲಿ ಕೊಂಡಿತು. ಅದರ ಕಾರುಗಳೂ ಬೇರೆಯದೇ ಲೆಕ್ಕ.

ಇಷ್ಟೆಲ್ಲ ಯಾಕೆ ಓದಬೇಕು? ಎಲ್ಲಿ ಕ್ಯಾಮೆರಾ ಇಡಬೇಕು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. ಅಸಲಿ ಕಾರಿನ ನಾಲ್ಕೈದು ಹಳೆಯ ಚಿತ್ರಗಳನ್ನು ಹಿಂದಿನ ರಾತ್ರಿ ನೋಡಿ. ಸ್ಪೈಡರ್ ಆದರೆ ಎರಡು ಮುಂಚಕ್ರಗಳ ಮೇಲಿನ ಉಬ್ಬು, ಅವುಗಳ ನಡುವೆ ತಗ್ಗಿರುವ ಬಾನೆಟ್. ಕೋಬ್ರಾ ಆದರೆ ಹಿಂಚಕ್ರದ ಮೇಲಿನ ತೊಡೆಯಂಥ ಉಬ್ಬು, ಬಾಯ್ದೆರೆದ ಮುಂಭಾಗ. ಯಾವ ಗೆರೆಯಿಂದ ಆ ಕಾರು ಆ ಕಾರಾಗಿದೆಯೋ ಆ ಗೆರೆ ನಿಮ್ಮ ತಲೆಯಲ್ಲಿ ಕೂತಿರಬೇಕು.

ಹೆಜ್ಜೆ 2: ಚೀಲಕ್ಕೆ ಏನೇನು ಹಾಕಬೇಕು

ಜಾಸ್ತಿ ಏನೂ ಬೇಡ. 24-70 ಮಿಮೀ ಅಥವಾ 24-105 ಮಿಮೀ ಲೆನ್ಸ್ ಒಂದಿದ್ದರೆ ಎಲ್ಲ ಕೆಲಸ ಆಗುತ್ತದೆ (ಮಿಮೀ ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). 85 ಮಿಮೀ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ತಪ್ಪದೇ ಬೇಕಾದದ್ದು ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್. ಅದರ ಕೆಲಸ ಏನು ಅಂತ ಮುಂದೆ ಹೇಳುತ್ತೇನೆ. ಒಂದು ಬಿಳಿ ಥರ್ಮೊಕೋಲ್ ಹಾಳೆ ಅಥವಾ ಮಡಚುವ ರಿಫ್ಲೆಕ್ಟರ್, ಲೆನ್ಸ್ ಒರೆಸುವ ಬಟ್ಟೆ, ಮಂಡಿ ಊರಲು ಒಂದು ತುಂಡು ಫೋಮ್. ನೆಲದ ಮಟ್ಟದಲ್ಲಿ ಅರ್ಧ ಗಂಟೆ ಕೂತು ನೋಡಿದವರಿಗೆ ಆ ಫೋಮ್‌ನ ಬೆಲೆ ಗೊತ್ತು.

ಬಟ್ಟೆಯ ವಿಷಯವನ್ನು ಯಾರೂ ಹೇಳುವುದಿಲ್ಲ. ಕಪ್ಪು ಅಥವಾ ಕಡು ಬೂದು ಬಣ್ಣದ ಸಾದಾ ಅಂಗಿ ಹಾಕಿ. ಒಮ್ಮೆ ನಾನು ಕೆಂಪು ಟೀಶರ್ಟ್ ಹಾಕಿಕೊಂಡು ಬೆಳ್ಳಿ ಬಣ್ಣದ ಸ್ಪೈಡರ್ ಒಂದರ ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಪ್ರತಿ ಫ್ರೇಮಿನಲ್ಲೂ ಬಾಗಿಲ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಕಲೆ. ಆ ಬೆಳಗಿನ ಬೆಳಕು ಮತ್ತೆ ಸಿಗಲಿಲ್ಲ.

ಬೆಲ್ಟಿನ ಬಕಲ್, ಜೋತುಬಿದ್ದ ಐಡಿ ಕಾರ್ಡು, ಜಾಕೆಟ್ಟಿನ ಜಿಪ್, ಕ್ಯಾಮೆರಾ ಸ್ಟ್ರಾಪಿನ ಲೋಹದ ಕೊಂಡಿ, ಇವೆಲ್ಲ ಪೇಂಟ್ ಗೀರುವ ವಸ್ತುಗಳು. ತೆಗೆದಿಡಿ, ಇಲ್ಲಾಂದ್ರೆ ಬೆನ್ನ ಕಡೆಗೆ ತಿರುಗಿಸಿಕೊಳ್ಳಿ.

ಮೊಬೈಲ್‌ನಲ್ಲೇ ತೆಗೆಯುವವರೂ ಬೇಸರ ಪಟ್ಟುಕೊಳ್ಳಬೇಕಿಲ್ಲ. ಮುಖ್ಯ ಕ್ಯಾಮೆರಾ ಬಿಟ್ಟು 2 ಪಟ್ಟು ಅಥವಾ 3 ಪಟ್ಟು ಜೂಮ್ ಲೆನ್ಸ್ ಬಳಸಿ. ಪೋರ್ಟ್ರೇಟ್ ಮೋಡ್ ಬೇಡ. ಗಾಜಿನ ಅಂಚು, ತಂತಿ ಚಕ್ರದ ಕಡ್ಡಿ, ಕನ್ನಡಿಯ ಕಾಂಡ ಇಂಥ ಸಣ್ಣ ಭಾಗಗಳನ್ನು ಅದು ಹಿನ್ನೆಲೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ.

ಹೆಜ್ಜೆ 3: ಎಲ್ಲರಿಗಿಂತ ಮೊದಲು ಹೋಗಿ

ಷೋ ಬಾಗಿಲು ತೆರೆಯುವ ಹೊತ್ತಿಗೆ ಒಳ್ಳೆಯ ಬೆಳಕು ಅರ್ಧ ಮುಗಿದಿರುತ್ತದೆ. ಕಾರುಗಳು ಒಳಗೆ ಬರುವ ಸಮಯವನ್ನು ಆಯೋಜಕರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಸೂರ್ಯ ಇನ್ನೂ ತಗ್ಗಿನಲ್ಲಿರುವಾಗ ಬೆಳಕು ಪಕ್ಕದಿಂದ ಬಂದು ಮೈಯ ಉಬ್ಬು ತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಆಗ ಜನ ಕಡಿಮೆ. ಮಾಲೀಕರು ಬಟ್ಟೆ ಹಿಡಿದು ಇಬ್ಬನಿ ಒರೆಸುತ್ತಿರುತ್ತಾರೆ. ಆ ಒರೆಸುವ ಕೈಯೂ ಒಳ್ಳೆಯ ಫೋಟೊ.

ಮೋಡ ಕವಿದಿದ್ದರೆ ಖುಷಿ ಪಡಿ. ಇಡೀ ಆಕಾಶ ಒಂದು ದೊಡ್ಡ ಬೆಳ್ಳನೆಯ ದೀಪದ ಹಾಗೆ ಕೆಲಸ ಮಾಡುತ್ತದೆ. ಕಾರಿನ ಮೈ ಮೇಲೆ ನುಣುಪಾದ, ಉದ್ದನೆಯ ಹೊಳಪು ಬೀಳುತ್ತದೆ.

ನಡುಹಗಲ ಬಿಸಿಲು ಮಾತ್ರ ಕಷ್ಟ. ಉಬ್ಬುಗಳ ತುದಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ, ಬಾಗಿಲ ಕೆಳಭಾಗ ಕಪ್ಪಾಗುತ್ತದೆ. ಆ ಹೊತ್ತಿನಲ್ಲಿ ಇಡೀ ಕಾರಿನ ಫೋಟೊ ಬಿಟ್ಟು, ನೆರಳಿನಲ್ಲಿರುವ ಡ್ಯಾಶ್‌ಬೋರ್ಡು, ಸೀಟು, ಎಂಜಿನ್ ಕಡೆ ಹೋಗಿ.

ಹೆಜ್ಜೆ 4: ಕ್ಯಾಮೆರಾ ಎತ್ತುವ ಮೊದಲು ಮಾತಾಡಿ

ಮಾಲೀಕರನ್ನು ಹುಡುಕಿ, ನಮಸ್ಕಾರ ಹೇಳಿ. "ಇದು ಅಸಲಿಯಾ ನಕಲಿಯಾ?" ಅಂತ ಮಾತ್ರ ಕೇಳಬೇಡಿ. ಆ ಮಾತನ್ನು ಅವರು ಬೆಳಗಿನಿಂದ ಹತ್ತು ಸಲ ಕೇಳಿರುತ್ತಾರೆ. "ಎಷ್ಟು ವರ್ಷ ಹಿಡಿಯಿತು ಸರ್ ಕಟ್ಟೋಕೆ?" ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ಯಾವ ಕಿಟ್ (ಜೋಡಿಸಲು ಸಿಗುವ ಬಿಡಿಭಾಗಗಳ ಸೆಟ್ಟು), ಎಂಜಿನ್ ಯಾವುದರದ್ದು, ಯಾವ ಭಾಗ ತಾವೇ ಮಾಡಿದ್ದು, ಎಲ್ಲಿ ಸೋತು ಮತ್ತೆ ಶುರು ಮಾಡಿದ್ದು, ಎಲ್ಲ ಬಿಚ್ಚಿ ಹೇಳುತ್ತಾರೆ. ಅಲ್ಲಿ ನಿಮ್ಮ ಫೋಟೊಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಆಮೇಲೆ ಸಣ್ಣ ಸಣ್ಣ ಉಪಕಾರ ಕೇಳಿ. ಬೆಲೆಯ ಬೋರ್ಡು, ಮಡಚುವ ಕುರ್ಚಿ, ಒರೆಸುವ ಬಟ್ಟೆ ಐದು ನಿಮಿಷ ಪಕ್ಕಕ್ಕೆ ಇಡಬಹುದಾ? ಹಿಂದಿನ ಮುಚ್ಚಳ ಎತ್ತಬಹುದಾ? ಸ್ಟೇರಿಂಗ್ ಸ್ವಲ್ಪ ತಿರುಗಿಸಬಹುದಾ? ನೀವಾಗಿ ಯಾವುದನ್ನೂ ಮುಟ್ಟಬೇಡಿ, ಬಾಗಿಲಿಗೂ ಒರಗಬೇಡಿ. ಟ್ರೈಪಾಡ್ ಬಿಡುತ್ತಾರಾ ಅಂತ ಆಯೋಜಕರನ್ನು ಕೇಳಿ. ಬಿಟ್ಟರೂ ಕಾರಿನಿಂದ ಒಂದು ಟ್ರೈಪಾಡಿನ ಎತ್ತರದಷ್ಟು ದೂರ ಇಡಿ, ಬಿದ್ದರೂ ಕಾರಿನ ಮೇಲೆ ಬೀಳಬಾರದು.

ಹೆಜ್ಜೆ 5: ಮುಕ್ಕಾಲು ನೋಟ

ಮುಂಭಾಗವೂ ಒಂದು ಪಕ್ಕವೂ ಒಟ್ಟಿಗೆ ಕಾಣುವ ನೋಟವೇ ಕಾರಿನ ಪರಿಚಯದ ಫೋಟೊ. ಎಲ್ಲರೂ ಇದನ್ನು ತೆಗೆಯುತ್ತಾರೆ, ಹೆಚ್ಚಿನವರು ತೀರಾ ಹತ್ತಿರ ನಿಂತು ತೆಗೆಯುತ್ತಾರೆ. ಮೊಬೈಲಿನ ಮುಖ್ಯ ಲೆನ್ಸು ಅಥವಾ 24 ಮಿಮೀ ಲೆನ್ಸು ಹಿಡಿದು ಎರಡು ಹೆಜ್ಜೆ ದೂರದಲ್ಲಿ ನಿಂತರೆ ಹತ್ತಿರದ ಹೆಡ್‌ಲೈಟ್ ಊದಿಕೊಳ್ಳುತ್ತದೆ, ಹಿಂಭಾಗ ಕುಗ್ಗುತ್ತದೆ. ಉಬ್ಬು ತಗ್ಗುಗಳ ಅಳತೆಯಲ್ಲೇ ಇರುವ ಕಾರಿನ ಚೆಂದ ಅಲ್ಲಿಗೆ ಮುಗಿಯಿತು.

ಹಿಂದೆ ಸರಿಯಿರಿ. ಎಂಟು ಹತ್ತು ಹೆಜ್ಜೆ ಹಿಂದೆ ಹೋಗಿ 70ರಿಂದ 85 ಮಿಮೀ ಇಡಿ. ಜಾಗ ಇಲ್ಲದಿದ್ದರೆ 50 ಮಿಮೀ. ಅದಕ್ಕಿಂತ ಕಡಿಮೆಗೆ ನಾನು ಇಳಿಯುವುದಿಲ್ಲ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 5.6ರಿಂದ ಎಫ್ 8. ಫೋಕಸ್ ಹತ್ತಿರದ ಹೆಡ್‌ಲೈಟಿನ ಮೇಲೆ.

ಕ್ಯಾಮೆರಾದ ಎತ್ತರ ಇನ್ನೂ ಮುಖ್ಯ. ನಿಂತ ಎತ್ತರದಿಂದ ತೆಗೆದರೆ ಸ್ಪೈಡರ್ ಆಟಿಕೆಯ ಹಾಗೆ ಕಾಣುತ್ತದೆ. ಮಂಡಿಯೂರಿ, ಹೆಡ್‌ಲೈಟಿನ ಮಟ್ಟಕ್ಕೆ ಬನ್ನಿ. ಕಾರಿಗೆ ತಕ್ಷಣ ಗತ್ತು ಬರುತ್ತದೆ. ಆದರೆ ನೆಲಕ್ಕೆ ತಾಗುವಷ್ಟು ಇಳಿದರೆ ಇನ್ನೊಂದು ತೊಂದರೆ. ಹತ್ತಿರದ ಚಕ್ರದ ಉಬ್ಬು ಆಚೆಯದನ್ನು ಮುಚ್ಚುತ್ತದೆ, ನಡುವಿನ ತಗ್ಗು ಮಾಯವಾಗುತ್ತದೆ. ಹಾಗಾಗಿ ಹೆಡ್‌ಲೈಟಿನ ಮಟ್ಟದಿಂದ ಶುರು ಮಾಡಿ, ಒಂದೊಂದು ಗೇಣು ಮೇಲೇಳುತ್ತಾ ನಾಲ್ಕು ಫೋಟೊ ತೆಗೆಯಿರಿ. ಎರಡೂ ಉಬ್ಬು, ಅವುಗಳ ನಡುವೆ ಒಂದು ಸಣ್ಣ ಕಣಿವೆ, ಎಲ್ಲ ಸರಿಯಾಗಿ ಕೂರುವ ಒಂದು ಎತ್ತರ ಅಲ್ಲಿ ಸಿಕ್ಕೇ ಸಿಗುತ್ತದೆ.

ಮುಂಚಕ್ರಗಳನ್ನು ಕ್ಯಾಮೆರಾದಿಂದ ಆಚೆ ಕಡೆಗೆ ಸ್ವಲ್ಪ ತಿರುಗಿಸಲು ಮಾಲೀಕರಿಗೆ ಹೇಳಿ. ಆಗ ಟಯರಿನ ಹಲ್ಲುಗಳ ಬದಲು ಚಕ್ರದ ಮುಖ ನಮಗೆ ಕಾಣುತ್ತದೆ. ತಂತಿ ಚಕ್ರ ಇರುವ ಕಾರುಗಳಲ್ಲಿ ಈ ಒಂದು ಬದಲಾವಣೆಯಿಂದ ಇಡೀ ಫೋಟೊಗೆ ಕಳೆ ಬರುತ್ತದೆ.

ಇದೇ ನೋಟವನ್ನು ಹಿಂದಿನಿಂದಲೂ ತೆಗೆಯಿರಿ. ಸ್ಪೈಡರ್, ಕೋಬ್ರಾ ಎರಡಕ್ಕೂ ಹಿಂದಿನ ನೋಟವೇ ಹೆಚ್ಚು ಸುಂದರ ಅನ್ನೋದು ನನ್ನ ಅಭಿಪ್ರಾಯ. ಒಂದು ನೇರ ಪಕ್ಕದ ನೋಟವೂ ಇರಲಿ. ತೆರೆದ ಕಾರಾದ್ದರಿಂದ ಕೈ ಮೇಲೆತ್ತಿ, ಮೇಲಿನಿಂದ ಸೀಟುಗಳೂ ಸ್ಟೇರಿಂಗೂ ಕಾಣುವ ಹಾಗೆ ಒಂದು.

ಹೆಜ್ಜೆ 6: ಪ್ರತಿಬಿಂಬ ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಕಾರಿನ ಫೋಟೊ ಅಂದರೆ ಅರ್ಧ ಪಾಲು ಪ್ರತಿಬಿಂಬದ ಫೋಟೊ. ಹೊಳೆಯುವ ಮೈ ಮೇಲೆ ಆಕಾಶ ಒಂದು ಕಡೆ, ನೆಲ ಒಂದು ಕಡೆ ಮೂಡಿರುತ್ತದೆ. ಅವೆರಡೂ ಸೇರುವಲ್ಲಿ ಒಂದು ಗೆರೆ. ಆ ಗೆರೆ ಬಾಗಿಲ ಮೇಲೆ ಉದ್ದಕ್ಕೆ ಹರಿದು, ಚಕ್ರದ ಉಬ್ಬಿನ ಮೇಲೆ ಏರಿ ಇಳಿಯುತ್ತದೆ. ಕಾರಿನ ಆಕಾರ ನಮ್ಮ ಕಣ್ಣಿಗೆ ಗೊತ್ತಾಗುವುದೇ ಆ ಗೆರೆಯಿಂದ.

ಮೊದಲು ಕ್ಯಾಮೆರಾ ಇಲ್ಲದೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಬಾಗಿಲ ಮೇಲೆ ಏನು ಮೂಡಿದೆ ನೋಡಿ. ಪಕ್ಕದ ಕಾರಿನ ಹಳದಿ ಬಣ್ಣವೋ, ಬಿಳಿ ಡೇರೆಯೋ, ಸಾಲಾಗಿ ನಿಂತ ಜನರ ಕಾಲುಗಳೋ? ಎರಡು ಹೆಜ್ಜೆ ಎಡಕ್ಕೆ ಸರಿದರೆ ಡೇರೆ ಹೋಗಿ ಆಕಾಶ ಬರುತ್ತದೆ. ಒಂದು ಗೇಣು ಕೆಳಗಿಳಿದರೆ ಕಾಲುಗಳು ಜಾರಿ ಹೋಗುತ್ತವೆ.

ರೆಪ್ಲಿಕಾದಲ್ಲಿ ಈ ಗೆರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಫೈಬರ್‌ಗ್ಲಾಸ್ ಮೈಯನ್ನು ಅಚ್ಚಿನಿಂದ ತೆಗೆದ ಮೇಲೆ ಅದನ್ನು ಉಜ್ಜಿ, ತುಂಬಿ, ಮತ್ತೆ ಉಜ್ಜಿ ಮಟ್ಟ ಮಾಡಬೇಕು. ಆ ಕೆಲಸ ಚೆನ್ನಾಗಿ ಆಗಿದ್ದರೆ ಪ್ರತಿಬಿಂಬದ ಗೆರೆ ದಾರ ಎಳೆದ ಹಾಗೆ ಇರುತ್ತದೆ. ಆಗಿಲ್ಲದಿದ್ದರೆ ಕೆರೆಯ ನೀರಿನಂತೆ ಸಣ್ಣಗೆ ಅಲೆಯುತ್ತದೆ. ಬಾಗಿಲ ಸಂದುಗಳೂ ಹಾಗೇ, ಮೇಲಿಂದ ಕೆಳಗೆ ಒಂದೇ ಅಗಲ ಇದ್ದರೆ ಯಾರೋ ಅಲ್ಲಿ ವಾರಗಟ್ಟಲೆ ಕೂತಿದ್ದಾರೆ ಅಂತ ಅರ್ಥ. ಒಳ್ಳೆಯ ಕೆಲಸ ಕಂಡರೆ ಆ ಗೆರೆಯನ್ನೇ ಫೋಟೊದ ವಿಷಯ ಮಾಡಿ. ಬಾಗಿಲಿಗೆ ಓರೆಯಾಗಿ ನಿಂತು, ಗೆರೆ ಫ್ರೇಮಿನ ಒಂದು ತುದಿಯಿಂದ ಇನ್ನೊಂದಕ್ಕೆ ಓಡುವ ಹಾಗೆ ತೆಗೆಯಿರಿ. ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಈಗ ಪೋಲರೈಸರ್. ಗಾಜು ಮತ್ತು ಪೇಂಟಿನ ಮೇಲಿನ ಪ್ರತಿಫಲನವನ್ನು ಅದು ಕಡಿಮೆ ಮಾಡುತ್ತದೆ. ಮೇಲ್ಮೈಯನ್ನು ಓರೆಯಾಗಿ ನೋಡುವಾಗ ಪರಿಣಾಮ ಜಾಸ್ತಿ, ನೇರ ಎದುರು ನಿಂತರೆ ಬಹುತೇಕ ಏನೂ ಆಗುವುದಿಲ್ಲ. ಕ್ರೋಮ್ ಮತ್ತು ಬರಿಯ ಲೋಹದ ಮೇಲೂ ಅದು ಕೆಲಸ ಮಾಡುವುದಿಲ್ಲ, ಹಾಗಾಗಿ ಕ್ರೋಮ್ ಬಂಪರಿನಲ್ಲಿ ನಿಮ್ಮ ಮುಖ ಕಾಣದಂತೆ ಮಾಡಲು ಜಾಗ ಬದಲಿಸುವುದೊಂದೇ ದಾರಿ. ಫಿಲ್ಟರಿನ ಉಂಗುರವನ್ನು ನಿಧಾನ ತಿರುಗಿಸುತ್ತಾ ಪರದೆ ನೋಡಿ. ಒಂದು ಹಂತದಲ್ಲಿ ಗಾಜಿನಾಚೆಯ ಸ್ಟೇರಿಂಗ್ ಥಟ್ಟನೆ ಕಾಣಿಸುತ್ತದೆ, ಬಣ್ಣ ಗಾಢವಾಗುತ್ತದೆ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಉಂಗುರವನ್ನೂ ಮತ್ತೆ ಹೊಂದಿಸಬೇಕು.

ಹೆಚ್ಚಿನವರು ಇಲ್ಲಿ ಅತಿ ಮಾಡುತ್ತಾರೆ. ಪ್ರತಿಫಲನ ಪೂರ್ತಿ ಹೋದರೆ ಆ ಗೆರೆಯೂ ಹೋಗುತ್ತದೆ, ಕಾರು ಜೀವ ಇಲ್ಲದ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ರೆಪ್ಲಿಕಾಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಗಾಜಿನ ಮೇಲಿನ ಹೊಳಪು ಕಡಿಮೆಯಾಗಲಿ, ಮೈ ಮೇಲಿನ ಗೆರೆ ಉಳಿಯಲಿ. ಆ ಎರಡರ ನಡುವಿನ ಹದದಲ್ಲಿ ನಿಲ್ಲಿಸಿ. ಟ್ರೈಪಾಡ್ ಇದ್ದರೆ ಉಂಗುರ ಬೇರೆ ಬೇರೆ ಕಡೆ ತಿರುಗಿಸಿ ಎರಡು ಫೋಟೊ ತೆಗೆದು, ಆಮೇಲೆ ಗಾಜನ್ನು ಒಂದರಿಂದ, ಮೈಯನ್ನು ಇನ್ನೊಂದರಿಂದ ತೆಗೆದುಕೊಂಡು ಸೇರಿಸಬಹುದು. ಫಿಲ್ಟರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು ಆಗುವುದು). ಅದಕ್ಕೆ ತಕ್ಕಂತೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ.

ಹೆಜ್ಜೆ 7: ಹಿನ್ನೆಲೆ, ಜನ

ತೆರೆದ ಕಾರಿನಲ್ಲಿ ಸೀಟಿನ ಹಿಂದಿನಿಂದ ಕಂಬ ಮೊಳೆತ ಹಾಗೆ ಕಾಣುವುದು ಸುಲಭ. ಕ್ಲಿಕ್ ಮಾಡುವ ಮೊದಲು ಕಣ್ಣನ್ನು ಕಾರಿನ ಮೇಲ್ಗೆರೆಯ ಉದ್ದಕ್ಕೂ ಒಮ್ಮೆ ಓಡಿಸಿ. ಕಸದ ಡಬ್ಬಿ, ಬ್ಯಾನರು, ಹಸಿರು ನೆಟ್ಟು ಇದ್ದರೆ ಅರ್ಧ ಹೆಜ್ಜೆ ಸರಿದು ಕಾರಿನ ಹಿಂದೆ ಅಡಗಿಸಿ. ಉದ್ದ (ಹೆಚ್ಚು ಮಿಮೀಯ) ಲೆನ್ಸು ಹಿನ್ನೆಲೆಯ ಸಣ್ಣ ತುಂಡನ್ನು ಮಾತ್ರ ತೋರಿಸುವುದರಿಂದ ಇಲ್ಲೂ ಅದೇ ಸಹಾಯಕ್ಕೆ ಬರುತ್ತದೆ.

ಜನ ಸರಿಯುವವರೆಗೆ ಕಾಯಿರಿ. ಹತ್ತು ನಿಮಿಷ ಕಾದರೆ ಹತ್ತು ಸೆಕೆಂಡು ಖಾಲಿ ಸಿಗುತ್ತದೆ. ಸಿಗಲೇ ಇಲ್ಲ ಅಂದರೆ ಟ್ರೈಪಾಡ್ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು, ಹದಿನೈದಿಪ್ಪತ್ತು ಸೆಕೆಂಡಿಗೆ ಒಂದರಂತೆ ಹನ್ನೆರಡು ಫೋಟೊ ತೆಗೆಯಿರಿ. ಫೋಟೊಶಾಪ್‌ನಲ್ಲಿ ಅವನ್ನು ಒಂದರ ಮೇಲೊಂದು ಜೋಡಿಸಿ ಮೀಡಿಯನ್ ಆಯ್ಕೆ ಕೊಟ್ಟರೆ ಓಡಾಡಿದವರೆಲ್ಲ ಅಳಿಸಿಹೋಗಿ ಕದಲದ ಕಾರು ಉಳಿಯುತ್ತದೆ. ಒಂದೇ ಜಾಗದಲ್ಲಿ ನಿಂತು ಹರಟುವವರು ಮಾತ್ರ ಹೋಗುವುದಿಲ್ಲ, ಅವರನ್ನು ನಗುತ್ತಾ ಕೇಳಿಕೊಳ್ಳಬೇಕು.

ಹೆಜ್ಜೆ 8: ಎಕ್ಸ್‌ಪೋಶರ್

ರಾ ಫೈಲಿನಲ್ಲಿ (ಆಮೇಲೆ ತಿದ್ದಲು ಸುಲಭವಾದ ಕಚ್ಚಾ ಫೈಲು) ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡಬೇಡಿ. ಬಿಸಿಲಿಗೊಂದು, ಮೋಡಕ್ಕೊಂದು ಅಂತ ಸ್ಥಿರವಾಗಿ ಇಟ್ಟರೆ ಅದೇ ಕಾರು ಪ್ರತಿ ಫೋಟೊದಲ್ಲೂ ಅದೇ ಬಣ್ಣದಲ್ಲಿ ಬರುತ್ತದೆ. ಫ್ರೇಮಿನ ತುಂಬ ಬಿಳಿ ಕಾರಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪಿನವರೆಗೂ ಏರಿಸಿ. ಕಪ್ಪು ಕಾರಾದರೆ ಅಷ್ಟೇ ಇಳಿಸಿ. ಬೆಳ್ಳಿ ಬಣ್ಣದ ಕಾರಿಗೆ ಹಿಸ್ಟೋಗ್ರಾಮ್ (ಫೋಟೊದಲ್ಲಿ ಬೆಳಕು ಕತ್ತಲಿನ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡೇ ಹೋಗಬೇಕು. ಕ್ರೋಮ್ ಮೇಲಿನ ಸೂರ್ಯನ ಚುಕ್ಕಿ ಸುಟ್ಟುಹೋದರೆ ಪರವಾಗಿಲ್ಲ, ಅದು ನಮ್ಮ ಕಣ್ಣಿಗೂ ಹಾಗೇ ಕಾಣುತ್ತದೆ. ಚಕ್ರದ ಉಬ್ಬಿನ ಮೇಲ್ಭಾಗ ಸುಡಬಾರದು.

ಹೆಜ್ಜೆ 9: ಕೈಕೆಲಸದ ಫೋಟೊಗಳು

ರೆಪ್ಲಿಕಾದ ನಿಜವಾದ ಸಂಪತ್ತು ಇಲ್ಲಿದೆ. ಒಮ್ಮೆ ಒಬ್ಬ ಮಾಲೀಕರು ತಮ್ಮ ಸ್ಪೈಡರಿನ ಮುಂದಿನ ಮುಚ್ಚಳ ಎತ್ತಿ, ಅದರ ಒಳಮೈ ತೋರಿಸಿದರು. ಹೊರಗೆ ಕನ್ನಡಿಯಂಥ ಬೆಳ್ಳಿ. ಒಳಗೆ ಗಾಜಿನ ಬಟ್ಟೆಯ ಹೆಣಿಗೆ ಗೋಣಿಚೀಲದ ನೇಯ್ಗೆಯಂತೆ ಎದ್ದು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಆ ಬಟ್ಟೆಯನ್ನು ಗಟ್ಟಿ ಮಾಡುವ ರೆಸಿನ್ ಅಂಟು ಹರಿದು ಜೇನಿನ ಹನಿಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಅದರ ಪಕ್ಕ ಪೆನ್ಸಿಲ್‌ನಲ್ಲಿ ಬರೆದ ಎರಡು ಅಳತೆ, ಒಂದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು. "ಪೇಂಟ್ ಹೊಡೆದು ಮುಚ್ಚಬೇಕು ಅಂತಿದ್ದೆ, ಮನಸ್ಸು ಬರಲಿಲ್ಲ" ಅಂದರು ಅವರು. ಆ ದಿನ ನಾನು ತೆಗೆದ ಎಲ್ಲ ಫೋಟೊಗಳಲ್ಲಿ ನನಗೆ ಇವತ್ತಿಗೂ ಪ್ರಿಯವಾದದ್ದು ಆ ಪೆನ್ಸಿಲ್ ಗುರುತಿನದು.

ಇಂಥದ್ದನ್ನು ಹುಡುಕಿ. ಮುಚ್ಚಳಗಳ ಒಳಮೈ, ಕೈಯಿಂದ ಬೆಸೆದ ಬ್ರಾಕೆಟ್ಟು, ಹೊಲಿದ ಸೀಟಿನ ಅಂಚು, ತಾವೇ ಕೊರೆದು ಕೂರಿಸಿದ ಮೀಟರುಗಳು. ಇವುಗಳಿಗೆ ಪಕ್ಕದಿಂದ ತಾಗಿ ಬರುವ ಬೆಳಕು ಬೇಕು, ಆಗಲೇ ಹೆಣಿಗೆ ಮತ್ತು ಹೊಲಿಗೆ ಮೇಲೆದ್ದು ಕಾಣುವುದು. ನೆರಳಿನ ಕಡೆ ಬಿಳಿ ಥರ್ಮೊಕೋಲ್ ಹಿಡಿಯಿರಿ, ಆದರೆ ಬೆಳಕು ಬರುವ ಕಡೆಯ ಎದುರು ಬದಿಯಲ್ಲಿ, ಸ್ವಲ್ಪ ದೂರದಲ್ಲಿ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬೇಡವೇ ಬೇಡ, ಹೊಳೆಯುವ ಜಾಗದಲ್ಲೆಲ್ಲ ಬಿಳಿ ಬೊಟ್ಟು ಇಟ್ಟುಬಿಡುತ್ತದೆ.

ಬ್ಯಾಡ್ಜ್, ಕೀಲಿ, ಗುಂಡಿಯಂಥ ಒಂಟಿ ವಸ್ತುಗಳಿಗೆ ಎಫ್ 2.8 ಅಥವಾ ಎಫ್ 4 ಸಾಕು. ಡ್ಯಾಶ್‌ಬೋರ್ಡಿಗೆ ಎಫ್ 8, ಮೀಟರುಗಳ ಅಂಕಿ ಎಲ್ಲವೂ ಓದಲು ಬರಬೇಕು. ಸ್ಪೈಡರಿನ ಡ್ಯಾಶ್‌ಬೋರ್ಡನ್ನು ಚಾಲಕ ಕೂರುವ ಕಡೆಯಿಂದ, ಕಾರಿನ ಹೊರಗೇ ನಿಂತು 35 ಮಿಮೀನಲ್ಲಿ ತೆಗೆಯಬಹುದು. ಮೀಟರಿನ ಗಾಜಿನಲ್ಲಿ ಆಕಾಶ ಕಂಡರೆ ಪೋಲರೈಸರ್ ತಿರುಗಿಸಿ, ಅಥವಾ ಗೆಳೆಯರೊಬ್ಬರಿಗೆ ಕಪ್ಪು ಬಟ್ಟೆ ಅಡ್ಡ ಹಿಡಿಯಲು ಹೇಳಿ.

ಎಂಜಿನ್ ಫೋಟೊ ಬಿಡಲೇಬೇಡಿ. ಹೆಚ್ಚಿನ ಸ್ಪೈಡರ್ ರೆಪ್ಲಿಕಾಗಳಲ್ಲಿ ಹಿಂಭಾಗದ ಮೈ ಇಡಿಯಾಗಿ ಮೇಲೇಳುತ್ತದೆ. ಬೀಟಲ್‌ನಲ್ಲಿ ಎಂಜಿನ್ ಹಿಂಚಕ್ರದ ಅಚ್ಚಿಗಿಂತ ಹಿಂದೆ ಇರುತ್ತದೆ. ಸ್ಪೈಡರಿನಲ್ಲಿ ಅದು ಅಚ್ಚಿನ ಮುಂದೆ ಬರಬೇಕು. ಅದಕ್ಕಾಗಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಂದು ಮುಂದಾಗಿ ಕೂರಿಸುತ್ತಾರೆ. ಅಸಲಿಯ ಅದೇ ಆಕಾರದ ಕೆಳಗೆ ಬೀಟಲ್ ಎಂಜಿನ್ ಹೀಗೆ ಕೂತಿರುವುದು ಒಂದೇ ಫ್ರೇಮಿನಲ್ಲಿ ಕಂಡರೆ ನೋಡುವವರಿಗೆ ಕಾರಿನ ಇಡೀ ಕಥೆ ಸಿಗುತ್ತದೆ. ಮುಚ್ಚಳ ಎತ್ತಿದ್ದನ್ನು ಪಕ್ಕದಿಂದ, ಮೈಯ ಗೆರೆಯೂ ಎಂಜಿನ್ನೂ ಎರಡೂ ಕಾಣುವಂತೆ ತೆಗೆಯಿರಿ.

ಇನ್ನೊಂದು ಪುಟ್ಟ ಗುರುತು ಟಯರಿನ ಪಕ್ಕದಲ್ಲಿರುತ್ತದೆ. ಅಲ್ಲಿ DOT ಅನ್ನೋ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಟಯರ್ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2319 ಅಂದರೆ 2019ರ 23ನೇ ವಾರ. ಹಳೆಯ ಕಾಲದ ಚಕ್ರ, ಹೊಸ ಕಾಲದ ಅಂಕಿ, ಎರಡೂ ಒಂದೇ ಹತ್ತಿರದ ಫೋಟೊದಲ್ಲಿ ಚೆನ್ನಾಗಿ ಕೂರುತ್ತವೆ.

ಕೊನೆಗೆ ಕಟ್ಟಿದವರ ಕೈ. ಸ್ಟೇರಿಂಗ್ ಮೇಲೆ, ಮುಚ್ಚಳದ ಕೊಂಡಿಯ ಮೇಲೆ, ಎಲ್ಲಾದರೂ. "ಕ್ಯಾಮೆರಾ ನೋಡಿ" ಅನ್ನಬೇಡಿ. ಯಾವುದಾದರೂ ಭಾಗದ ಬಗ್ಗೆ ಕೇಳಿ, ಅವರು ಬೆರಳಿಟ್ಟು ತೋರಿಸುವಾಗ ತೆಗೆಯಿರಿ.

ಹೆಜ್ಜೆ 10: ಷೋ ಸಭಾಂಗಣದ ಒಳಗಿದ್ದರೆ

ಚಾವಣಿಯ ದೀಪಗಳು ಮೈ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತವೆ. ಅವು ಒಂದು ಸಾಲಾಗಿ ಕಾಣುವ ಕೋನ ಹುಡುಕಿ. ಕೆಲವು ಎಲ್‌ಇಡಿ ದೀಪಗಳು ಮಿನುಗುವುದರಿಂದ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬರಬಹುದು. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/125 ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಜ್ಜೆ 11: ಹೊರಡುವ ಹೊತ್ತು

ಸಂಜೆ ಕಾರುಗಳು ಹೊರಡುವಾಗ ಹೆಚ್ಚಿನವರು ಕ್ಯಾಮೆರಾ ಚೀಲಕ್ಕೆ ಹಾಕಿರುತ್ತಾರೆ. ನೀವು ಉಳಿಯಿರಿ. ದಾರಿಯಿಂದ ದೂರ, ಕಾರು ನಿಮ್ಮ ಎದುರು ಅಡ್ಡ ಹಾದುಹೋಗುವ ಜಾಗದಲ್ಲಿ ನಿಲ್ಲಿ. ಶಟರ್ 1/60ರಿಂದ ಶುರು ಮಾಡಿ, ಕಾರು ತೀರಾ ನಿಧಾನ ಇದ್ದರೆ 1/30. ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್‌ನಲ್ಲಿ ಇರಲಿ. ಪಾದ ಊರಿ, ಸೊಂಟದಿಂದ ತಿರುಗುತ್ತಾ ಕಾರನ್ನು ಹಿಂಬಾಲಿಸಿ, ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಇಪ್ಪತ್ತರಲ್ಲಿ ಎರಡು ಸರಿಯಾಗಿ ಬಂದರೆ ಸಾಕು. ಚಕ್ರ ಸುತ್ತುತ್ತಿದೆ, ಹಿನ್ನೆಲೆ ಎಳೆದ ಬಣ್ಣವಾಗಿದೆ, ಆ ಬೆಳ್ಳಿ ಮೈ ಮಾತ್ರ ಸ್ಪಷ್ಟ. ಆ ಹೊತ್ತಿನಲ್ಲಿ ಸ್ಪೈಡರ್ ಅದರ ಕಾಲದ ರೇಸಿನಲ್ಲಿದ್ದ ಹಾಗೇ ಕಾಣುತ್ತದೆ.

ಹೆಜ್ಜೆ 12: ಎಡಿಟಿಂಗ್ ಮತ್ತು ಅಡಿಬರಹ

ಎಡಿಟಿಂಗ್‌ನಲ್ಲಿ ನಾನು ಮಾಡುವುದು ಕಡಿಮೆ. ದಿಗಂತ ನೇರ ಮಾಡುತ್ತೇನೆ. ನೆರಳಿನಲ್ಲಿ ಬೆಳ್ಳಿ ಬಣ್ಣ ನೀಲಿಗೆ ತಿರುಗಿರುತ್ತದೆ, ಅದನ್ನು ಸರಿಪಡಿಸುತ್ತೇನೆ. ನೆಲದ ಮೇಲಿನ ಕಸ, ಸೆನ್ಸಾರಿನ ಧೂಳು ಅಳಿಸುತ್ತೇನೆ. ಕಾರಿನ ಮೈ ಮೇಲೆ ಇರುವುದನ್ನು ಅಳಿಸುವುದಿಲ್ಲ, ಇಲ್ಲದ್ದನ್ನು ಸೇರಿಸುವುದಿಲ್ಲ. ಕಿಟ್ ತಯಾರಕರ ಬ್ಯಾಡ್ಜ್ ಅಳಿಸಿ ಅಸಲಿಯ ಹಾಗೆ ತೋರಿಸುವುದು ಕಟ್ಟಿದವರಿಗೂ ನೋಡುವವರಿಗೂ ಮಾಡುವ ಮೋಸ.

ಅಡಿಬರಹದಲ್ಲಿ "ರೆಪ್ಲಿಕಾ" ಅನ್ನೋ ಪದ ಮೊದಲ ಸಾಲಿನಲ್ಲೇ ಬರಲಿ. ಉದಾಹರಣೆಗೆ: "ಪೋರ್ಷೆ 550 ಸ್ಪೈಡರ್ ರೆಪ್ಲಿಕಾ. ಫೈಬರ್‌ಗ್ಲಾಸ್ ಮೈ, ಗಾಳಿಯಿಂದ ತಣಿಯುವ ಬೀಟಲ್ ಎಂಜಿನ್. ಮಾಲೀಕರೇ ನಾಲ್ಕು ವರ್ಷದಲ್ಲಿ ಕಟ್ಟಿದ್ದು." ಇಷ್ಟು ಓದಿದವರು ಫೋಟೊವನ್ನು ಇನ್ನೊಮ್ಮೆ, ಇನ್ನೂ ಹತ್ತಿರದಿಂದ ನೋಡುತ್ತಾರೆ. ನಾನೇ ಕಂಡಿದ್ದೇನೆ. ನಂಬರ್ ಪ್ಲೇಟ್ ಮಸುಕು ಮಾಡಿ. ಮಾಲೀಕರ ಮುಖ ಇರುವ ಫೋಟೊ ಹಾಕುವ ಮೊದಲು ಅವರನ್ನು ಕೇಳಿ.

ಆಮೇಲೆ ಆ ವಾರದೊಳಗೇ ಮಾಲೀಕರಿಗೆ ಫೋಟೊ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಗುಣಮಟ್ಟ ಇಳಿದುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವ್ ಲಿಂಕ್ ಕೊಡಿ. ಮುಕ್ಕಾಲು ನೋಟ ಒಂದು, ಎಂಜಿನ್ ಒಂದು, ಕೈಯದೊಂದು. ಪೆನ್ಸಿಲ್ ಗುರುತಿನಂಥದ್ದು ಸಿಕ್ಕಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಕಳಿಸಿ.